ಆ ಕಲ್ಲಿನ ಊರು ಯಾವುದು?

ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ನಾನು ಮೊದಲ ಸಲ ಹೋದದ್ದು ಒಂದು ಶನಿವಾರ ಮಧ್ಯಾಹ್ನ. ಮಗನ ಮನೆ ವರ್ಜೀನಿಯಾದಲ್ಲಿದೆ. ಎಲ್ಲರೂ ಮೆಟ್ರೋ ಹತ್ತಿ ಬಂದಿದ್ದೆವು. ನೇರವಾಗಿ ಎರಡನೇ ಮಹಡಿಗೆ ಹೋಗಿ ಹೋಪ್ ಎಂಬ ಹೆಸರಿನ ಪ್ರಸಿದ್ಧ ನೀಲಿ ವಜ್ರದ ಮುಂದೆ ನಿಂತೆವು. ಅಲ್ಲಿ ಜಾತ್ರೆಯಷ್ಟು ಜನ. ತಲೆಗಳ ಸಂದಿಯಲ್ಲಿ ಒಂದು ನೀಲಿ ಮಿಂಚು ಕಂಡಿತು, ಅಷ್ಟೇ. ಆಮೇಲೆ ಒಂದು ಗಂಟೆಯಲ್ಲಿ ನೂರಾರು ಹರಳು ನೋಡಿದೆವು. ರಾತ್ರಿ ಊಟಕ್ಕೆ ಕೂತಾಗ ಒಂದರ ಹೆಸರೂ ನನಗೆ ನೆನಪಿಗೆ ಬರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ನೋಡುವ ಕ್ರಮವೇ ತಪ್ಪಿದೆ ಅನ್ನಿಸಿತು.

ಇನ್ನೂ ಎರಡು ತಿಂಗಳು ಅಲ್ಲೇ ಇರುವವನಿದ್ದೆ. ಆ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಎಷ್ಟು ಸಲ ಬೇಕಾದರೂ ಹೋಗಬಹುದು. ಹಾಗಾಗಿ ವಾರದ ನಡುವಿನ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗತೊಡಗಿದೆ. ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ಸಿಲ್. ಒಟ್ಟು ಒಂಬತ್ತು ಸಲ ಹೋದೆ. ಒಂದು ದಿನಕ್ಕೆ ಹತ್ತೇ ಕಲ್ಲು ಎಂದು ಲೆಕ್ಕ ಹಾಕಿಕೊಂಡೆ. ಅದಕ್ಕಿಂತ ಜಾಸ್ತಿ ನೋಡಿದರೆ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಎರಡನೇ ಬದಲಾವಣೆ, ಹಿಂದಿನಿಂದ ಶುರು ಮಾಡಿದ್ದು. ಹೋಪ್ ವಜ್ರದ ಕೋಣೆಯನ್ನು ಸುಮ್ನೆ ದಾಟಿ ಒಳಗೆ ಹೋದೆ. ಮೊದಲು ಕೆತ್ತದ ಹರಳು, ನೆಲದಿಂದ ಬಂದ ಹಾಗೇ ಇರುವವು. ಕೆತ್ತಿದ ರತ್ನಗಳು ಆಮೇಲೆ. ಇದು ನನಗೆ ತುಂಬಾ ಕಲಿಸಿತು. ಪೈರೈಟ್ ಎಂಬ ಖನಿಜದ ಒಂದು ಘನವನ್ನು ನೋಡಿದರೆ ಯಾರೋ ಉಜ್ಜಿ ಮೂಲೆ ಹಿಡಿದಿದ್ದಾರೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಘನದ ಕ್ರಮದಲ್ಲಿ ಕೂರುತ್ತವೆ, ಹೊರಗಿನ ಮೈಯೂ ಅದೇ ಆಕಾರ ತಾಳುತ್ತದೆ. ಸ್ಫಟಿಕಕ್ಕೆ ಆರು ಮುಖದ ಕಂಬದ ರೂಪ ಬರುವುದೂ ಹೀಗೆಯೇ. ಆ ಆಕಾರಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಚಿತ್ರ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಬರೆಯಲು ಹೊರಟರೆ ಎಷ್ಟು ಮುಖ ಅಂತ ಎಣಿಸಲೇಬೇಕಾಗುತ್ತದೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕಲ್ಲಿನ ಪಕ್ಕದ ಚೀಟಿಯಲ್ಲಿ ಹೆಸರು ಇರುತ್ತದೆ, ಅದರ ಜೊತೆಗೆ ಸಿಕ್ಕ ಜಾಗವೂ ಇರುತ್ತದೆ. ಮೊದಲ ದಿನ ನಾನು ಹೆಸರನ್ನಷ್ಟೇ ಓದಿ ಮುಂದೆ ಹೋಗಿದ್ದೆ. ಈಗ ಊರನ್ನು ಮೊದಲು ಓದತೊಡಗಿದೆ. ಇದು ಎಲ್ಲಿಯದು? ಅಲ್ಲಿಯ ನೆಲ ಎಂಥದ್ದು? ಖನಿಜಗಳ ಲೋಕದಲ್ಲಿ ಊರಿನ ಚೀಟಿ ಕಳೆದ ಕಲ್ಲು ಅರ್ಧ ಬೆಲೆ ಕಳೆದುಕೊಂಡ ಹಾಗೆ. ನೋಡಲು ಚೆಂದವೇ, ಆದರೆ ಅದು ನೆಲದ ಕಥೆ ಹೇಳಲಾರದು.

ಈ ಮ್ಯೂಸಿಯಂನ ಬೇರೂ ಕಲ್ಲಿನಲ್ಲೇ ಇದೆ. ಸ್ಮಿತ್ಸೋನಿಯನ್ ಸಂಸ್ಥೆಗೆ ಆಸ್ತಿ ಬಿಟ್ಟುಹೋದ ಇಂಗ್ಲೆಂಡಿನ ಜೇಮ್ಸ್ ಸ್ಮಿತ್ಸನ್ ಸ್ವತಃ ರಸಾಯನ ಮತ್ತು ಖನಿಜ ಬಲ್ಲವರು. 1829ರಲ್ಲಿ ತೀರಿಕೊಂಡರು. ಸತುವಿನ ಒಂದು ಖನಿಜಕ್ಕೆ ಆಮೇಲೆ ಅವರ ಹೆಸರಿನಲ್ಲೇ ಸ್ಮಿತ್ಸೊನೈಟ್ ಎಂದು ಹೆಸರಿಟ್ಟರು. ಅವರು ಕೂಡಿಸಿದ್ದ ಕಲ್ಲುಗಳು 1865ರ ಬೆಂಕಿಯಲ್ಲಿ ಹೋದವು. ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಮತ್ತೆ ಕೂಡಿಸಿದವರೂ ಸಾಮಾನ್ಯರಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಕಟ್ಟಿ ಮುಗಿಸಿದ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ತಮ್ಮ ಮನೆಯಲ್ಲಿ ಸುಮಾರು 16,000 ಖನಿಜದ ಮಾದರಿಗಳನ್ನು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ನಂತರ ಮಗ ಅದನ್ನು ಈ ಮ್ಯೂಸಿಯಂಗೆ ಕೊಟ್ಟರು.

ಒಳಗೆ ಗಣಿಯ ಸುರಂಗದಂತೆ ಕಟ್ಟಿದ ಒಂದು ಭಾಗವಿದೆ. ಒಂದು ದಿನ ಮೊಮ್ಮಗನನ್ನೂ ಕರೆದುಕೊಂಡು ಹೋಗಿದ್ದೆ, ಅವನಿಗೆ ಒಂಬತ್ತು ವರ್ಷ. ನ್ಯೂಜೆರ್ಸಿಯ ಸತುವಿನ ಗಣಿಗಳ ಕಲ್ಲು ಹಗಲು ಬೆಳಕಿನಲ್ಲಿ ನಮ್ಮೂರ ರಸ್ತೆ ಬದಿಯ ಜಲ್ಲಿಯ ಹಾಗೇ ಇರುತ್ತದೆ. ಅದರ ಮೇಲೆ ನೇರಳಾತೀತ ಬೆಳಕು ಬಿದ್ದರೆ ಅದರಲ್ಲಿನ ಕ್ಯಾಲ್ಸೈಟ್ ಎಂಬ ಖನಿಜ ಕೆಂಡದಂತೆ ಕೆಂಪಾಗುತ್ತದೆ, ವಿಲ್ಲೆಮೈಟ್ ಎಂಬುದು ಗಿಳಿಹಸಿರಾಗುತ್ತದೆ. "ಅಜ್ಜಾ, ಒಳಗೆ ಬಲ್ಬ್ ಇದೆಯಾ?" ಎಂದು ಕೇಳಿದ. ಬಲ್ಬ್ ಅಲ್ಲ ಮಗಾ, ಒಳಗೆ ಸ್ವಲ್ಪ ಮ್ಯಾಂಗನೀಸ್ ಸೇರಿಕೊಂಡಿದೆ ಎಂದೆ. ಅದೇ ಮ್ಯಾಂಗನೀಸ್ ಒಂದು ಕಲ್ಲಿನಲ್ಲಿ ಕೆಂಪು ಕೊಡುತ್ತದೆ, ಇನ್ನೊಂದರಲ್ಲಿ ಹಸಿರು. ಅವನು ಅಲ್ಲಿಂದ ಅಲುಗಾಡಲೇ ಇಲ್ಲ. ಆ ದಿನ ಹತ್ತು ಕಲ್ಲಿನ ಲೆಕ್ಕ ಎರಡಕ್ಕೇ ನಿಂತಿತು.

ಇದಾದ ಮೇಲೆ ರತ್ನಗಳ ಕಡೆ ಬಂದೆ. ಈ ಹೊತ್ತಿಗೆ ನನ್ನ ಕಣ್ಣು ಬದಲಾಗಿತ್ತು. ಲೋಗನ್ ನೀಲ ಸುಮಾರು 423 ಕ್ಯಾರೆಟ್, ಕೋಳಿಮೊಟ್ಟೆಯಷ್ಟಿದೆ. ಊರು ಶ್ರೀಲಂಕಾ. ಕಾರ್ಮೆನ್ ಲೂಸಿಯಾ ಎಂಬ ಮಾಣಿಕ್ಯ 23.1 ಕ್ಯಾರೆಟ್, ಬರ್ಮಾದ್ದು. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಬೇಕು. ಆದರೆ ಎರಡೂ ಒಂದೇ ವಸ್ತು, ಕುರುಂದ. ನಮ್ಮಲ್ಲಿ ಕತ್ತಿ ಮಸೆಯುವ ಸಾಣೆಗೆ ಹಿಂದೆ ಇದೇ ಕುರುಂದದ ಪುಡಿ ಬಳಸುತ್ತಿದ್ದರು. ಅದರಲ್ಲಿ ಒಂದಿಷ್ಟು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಉಂಗುರದ ಅಂಗಡಿಯಲ್ಲಿ ಇವು ಎರಡು ಬೇರೆ ಗ್ರಹಗಳ ಕಲ್ಲು. ನೆಲದಲ್ಲಿ ಅಣ್ಣ ತಮ್ಮ.

ಹಾಗೆಯೇ ಹಸಿರು ಪಚ್ಚೆ ಮತ್ತು ತಿಳಿನೀಲಿ ಅಕ್ವಮರೀನ್, ಎರಡೂ ಬೆರಿಲ್ ಎಂಬ ಒಂದೇ ಖನಿಜ. ಬ್ರೆಜಿಲ್‌ನ ಅಕ್ವಮರೀನ್‌ನಲ್ಲಿ ಕೆತ್ತಿದ ಡೊಮ್ ಪೆದ್ರೊ ಎಂಬ ಕಲಾಕೃತಿ ಅಲ್ಲಿದೆ. 35 ಸೆಂಟಿಮೀಟರ್ ಎತ್ತರ, 10,363 ಕ್ಯಾರೆಟ್, ಅಂದರೆ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಕೆತ್ತಿದವರು ಜರ್ಮನಿಯ ಬೆರ್ನ್ಡ್ ಮುನ್‌ಸ್ಟೈನರ್. ಅವರು ಹಿಂಭಾಗದಲ್ಲಿ ಗೀರು ಕೊರೆದಿದ್ದಾರೆ, ಮುಂದಿನಿಂದ ನೋಡಿದರೆ ಬೆಳಕು ಒಳಗಿಂದಲೇ ಚಿಮ್ಮುತ್ತದೆ. ಇದನ್ನು ನೋಡಲು ನಿಂತ ಜಾಗ ಬದಲಿಸುತ್ತಿರಬೇಕು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ, ಒಂದು ಸಲ ಮೊಣಕಾಲು ಬಗ್ಗಿಸಿ. ನಿಂತಲ್ಲೇ ನಿಂತರೆ ಇದರ ಅರ್ಧವೂ ಕಾಣುವುದಿಲ್ಲ.

ಫೋಟೋ ಬಗ್ಗೆ ಒಂದು ಮಾತು. ಮೊದಲ ದಿನದ ನನ್ನ ಚಿತ್ರಗಳಲ್ಲೆಲ್ಲ ಗಾಜಿನ ಮೇಲಿನ ಬೆಳಕೇ ಬಂದಿತ್ತು. ಫ್ಲ್ಯಾಶ್ ಆರಿಸಿ, ಫೋನನ್ನು ಗಾಜಿಗೆ ತೀರಾ ಹತ್ತಿರ ಹಿಡಿದು, ಕೈಯಿಂದ ಸುತ್ತ ಮರೆ ಮಾಡಿ ತೆಗೆದರೆ ಚೆನ್ನಾಗಿ ಬರುತ್ತದೆ. ಕಲ್ಲಿನ ಚಿತ್ರದ ಜೊತೆ ಅದರ ಚೀಟಿಯದ್ದೂ ಒಂದು ತೆಗೆಯಿರಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಹೋಪ್ ವಜ್ರವನ್ನು ಎಂಟನೇ ಸಲ ಹೋದಾಗ ಸರಿಯಾಗಿ ನೋಡಿದೆ. ಮಂಗಳವಾರ ಬೆಳಿಗ್ಗೆ, ಕೋಣೆಯಲ್ಲಿ ಐದಾರು ಜನ ಮಾತ್ರ. 45.52 ಕ್ಯಾರೆಟ್. ಕಾರ್ಬನ್ ನಡುವೆ ಚೂರೇ ಚೂರು ಬೋರಾನ್ ಸೇರಿ ಆ ನೀಲಿ ಬಂದಿದೆ. ಕಂಬದ ಮೇಲೆ ನಿಧಾನವಾಗಿ ತಿರುಗುತ್ತದೆ. ಈ ಸಲ ನಾನು ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದೆ. ನೇರಳಾತೀತ ಬೆಳಕು ತೋರಿಸಿ ಆರಿಸಿದರೆ ಈ ನೀಲಿ ವಜ್ರ ಕತ್ತಲಲ್ಲಿ ಸ್ವಲ್ಪ ಹೊತ್ತು ಕೆಂಪಗೆ ಹೊಳೆಯುತ್ತದಂತೆ.

ಅದರ ಊರು? ಭಾರತ. ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಗಣಿಯದಿರಬೇಕು ಎನ್ನುತ್ತಾರೆ. ಇದು ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು. ಫ್ರಾನ್ಸ್‌ನ ವ್ಯಾಪಾರಿ ತಾವೆರ್ನಿಯೆ ಕೊಂಡು ಒಯ್ದು 1668ರಲ್ಲಿ ಹದಿನಾಲ್ಕನೇ ಲೂಯಿಗೆ ಮಾರಿದ. ಅರಮನೆಯಲ್ಲಿ ಮತ್ತೆ ಕೆತ್ತಿಸಿದರು. 1792ರಲ್ಲಿ ಕ್ರಾಂತಿಯ ಗಲಾಟೆಯಲ್ಲಿ ಕಳುವಾಯಿತು. ಇಪ್ಪತ್ತು ವರ್ಷದ ಮೇಲೆ ಲಂಡನ್‌ನಲ್ಲಿ ಇನ್ನೂ ಚಿಕ್ಕದಾದ ಒಂದು ನೀಲಿ ವಜ್ರ ಕಾಣಿಸಿಕೊಂಡಿತು. ಕೊನೆಗೆ ಹ್ಯಾರಿ ವಿನ್‌ಸ್ಟನ್ ಎಂಬ ವಜ್ರ ವ್ಯಾಪಾರಿ ಅದನ್ನು 1958ರ ನವೆಂಬರ್‌ನಲ್ಲಿ ಮ್ಯೂಸಿಯಂಗೆ ಕೊಟ್ಟರು. ಕಳಿಸಿದ್ದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ! ಕಂದು ಕಾಗದ ಸುತ್ತಿದ ಒಂದು ಪೊಟ್ಟಣ. ನಾನು ಹುಟ್ಟಿ ಬೆಳೆದದ್ದು ವಿಜಯಪುರ ಜಿಲ್ಲೆಯಲ್ಲಿ, ಕೃಷ್ಣೆ ನಮಗೆ ಮನೆಯ ನದಿ. ಅದೇ ನೀರು ಕೆಳಗೆ ಹರಿದು ಹೋಗಿ ಮುಟ್ಟಿದ ಜಾಗದ ಕಲ್ಲು ಇಷ್ಟು ಊರು ಸುತ್ತಿ ಇಲ್ಲಿ ಕೂತಿದೆ. ಹೆಮ್ಮೆಯೂ ಆಯಿತು, ಮನಸ್ಸು ಭಾರವೂ ಆಯಿತು. ಎರಡನ್ನೂ ಮುಚ್ಚಿಡುವುದಿಲ್ಲ.

ಆದರೆ ನನ್ನನ್ನು ತೀರಾ ಅಲ್ಲಾಡಿಸಿದ್ದು ವಜ್ರ ಅಲ್ಲ. ಯಾರೂ ಮುಂದೆ ನಿಲ್ಲದ ಒಂದು ಕಪಾಟಿನಲ್ಲಿ ಮಹಾರಾಷ್ಟ್ರದ ಜಿಯೋಲೈಟ್ ಎಂಬ ಜಾತಿಯ ಖನಿಜಗಳೂ ಅವುಗಳ ಜೊತೆಗೇ ಬೆಳೆಯುವ ಹರಳುಗಳೂ ಇದ್ದವು. ಗಾಜಿನಂತೆ ತಿಳಿಯಾದ ಅಪೊಫಿಲೈಟ್ ಹರಳು, ಅದರ ಪಕ್ಕ ಹುರಿದ ಜೋಳದ ಅರಳಿನ ಬಣ್ಣದ ಸ್ಟಿಲ್‌ಬೈಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್‌ನಲ್ಲಿ ಲಾವಾ ಹರಿದು ಹೆಪ್ಪುಗಟ್ಟಿತು. ಅದರೊಳಗೆ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಬಿಸಿ ನೀರು ಇಳಿದು, ಆ ಗುಳ್ಳೆಗಳೊಳಗೆ ಈ ಹರಳು ಬೆಳೆದವು. ಅದೇ ಲಾವಾ ನಮ್ಮ ವಿಜಯಪುರದ ಕೆಳಗೂ ಇದೆ. ಅದೇ ಕಲ್ಲು ಸವೆದು ನಮ್ಮ ಎರೆ ಮಣ್ಣಾಗಿದೆ. ನಾನು ಚಿಕ್ಕವನಿದ್ದಾಗ ಹೊಲದಲ್ಲಿ ಬಾವಿ ತೋಡಿದ್ದರು. ಕರಿಕಲ್ಲು ಒಡೆದಾಗ ಒಳಗೆ ಬಿಳಿ ಹರಳು ಮಿನುಗುತ್ತಿತ್ತು. ನಾವು ಹುಡುಗರು ಅದನ್ನು ಸಕ್ಕರೆ ಕಲ್ಲು ಎಂದು ಆಡಿ, ಬಿಸಾಡುತ್ತಿದ್ದೆವು. ಸಾವಿರಾರು ಮೈಲಿ ದಾಟಿ ಬಂದು ಆ ಗಾಜಿನ ಮುಂದೆ ನಿಂತಾಗ ಅದು ನೆನಪಾಯಿತು.

ಒಂಬತ್ತನೇ ಸಲ ಮತ್ತೆ ಆ ಕಪಾಟನ್ನು ನೋಡಲಿಕ್ಕೆಂದೇ ಹೋದೆ.

ಊರಿಗೆ ಬಂದ ಮೇಲೆ ಮೊದಲ ಭಾನುವಾರ ಹೊಲಕ್ಕೆ ಹೋದೆ. ಬಾವಿಯ ದಂಡೆಯಲ್ಲಿ ಹಳೆಯ ಕಲ್ಲಿನ ರಾಶಿ ಇನ್ನೂ ಇದೆ, ಮೇಲೆ ಮುಳ್ಳುಕಂಟಿ ಬೆಳೆದಿದೆ. ಭೂತಗನ್ನಡಿ ಹಿಡಿದು ಒಂದು ಗಂಟೆ ಹುಡುಕಿದೆ. ಹೆಬ್ಬೆರಳಿನ ಉಗುರಿನಷ್ಟು ಗುಳ್ಳೆಯೊಳಗೆ ಬಿಳಿ ಎಳೆಗಳ ಒಂದು ಬೀಸಣಿಗೆ ಸಿಕ್ಕಿತು. ಜಿಯೋಲೈಟ್ ಜಾತಿಯದೇ ಇರಬೇಕು. ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಇಟ್ಟೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನಿಗೆ ತೋರಿಸಿದೆ. ಅವನು ಕಲ್ಲನ್ನು ನೋಡಿ ಕೇಳಿದ ಮೊದಲ ಮಾತು, "ಅಜ್ಜಾ, ಚೀಟಿ ಎಲ್ಲಿ?"

ಫೋನ್ ಗೋಡೆಗೆ ಒರಗಿಸಿ, ಅವನ ಮುಂದೆಯೇ ಬರೆದೆ. ತಾರೀಖು, ನಮ್ಮೂರಿನ ಹೆಸರು, ಬಾವಿಯ ಪೂರ್ವ ದಂಡೆ.