ವಿಂಚ್ ಇರುವ ಗಾಡಿಗೆ ಆಲ್ಟರ್ನೇಟರ್ ಆರಿಸುವುದು ಹೇಗೆ

ಡಬ್ಬದ ಮೇಲೆ ದೊಡ್ಡದಾಗಿ ‘150 ಆಂಪಿಯರ್’ ಅಂತ ಬರೆದಿದ್ದನ್ನು ನೋಡಿ ಆಲ್ಟರ್ನೇಟರ್ (ಎಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ) ಕೊಳ್ಳಬೇಡಿ. ಅಷ್ಟು ಕರೆಂಟು ಬರುವುದು ಅದು 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ತಿರುಗುವಾಗ. ಬಂಡೆ ಹತ್ತುವ, ಕೆಸರಿನಲ್ಲಿ ಒದ್ದಾಡುವ ಗಾಡಿಯ ಎಂಜಿನ್ ಬಹುಪಾಲು ಹೊತ್ತು 800–1000ರಲ್ಲೇ ಇರುತ್ತದೆ. ಬೆಲ್ಟನ್ನು ತಿರುಗಿಸುವ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ ಆಲ್ಟರ್ನೇಟರ್ ಪುಲ್ಲಿಗಿಂತ ಎರಡೂವರೆ ಪಟ್ಟು ದೊಡ್ಡದಿದ್ದರೆ, 800ಕ್ಕೆ ಆಲ್ಟರ್ನೇಟರ್ ತಿರುಗುವುದು 2000 ಸುತ್ತು ಮಾತ್ರ. ಬಿಸಿಯಾದ ಮೇಲೆ ಆ 2000ದಲ್ಲಿ ಎಷ್ಟು ಆಂಪಿಯರ್ ಬರುತ್ತದೆ ಎಂದು ಕೇಳಿ. ಯಾವ ವೇಗಕ್ಕೆ ಎಷ್ಟು ಆಂಪಿಯರ್ ಎಂದು ತೋರಿಸುವ ಔಟ್‌ಪುಟ್ ಗ್ರಾಫ್ ಕೊಡದವರ ಹತ್ತಿರ ಕೊಳ್ಳದಿರುವುದೇ ಕ್ಷೇಮ.

ನಿಮಗೆ ಬೇಕಾದದ್ದೆಷ್ಟು? ಒಟ್ಟಿಗೇ ಉರಿಯುವ, ಓಡುವ ಎಲ್ಲವನ್ನೂ ಕೂಡಿಸಿ. ಉದಾಹರಣೆಗೆ ಎಂಜಿನ್ ಕಂಪ್ಯೂಟರ್ ಮತ್ತು ಫ್ಯೂಯೆಲ್ ಪಂಪ್ 15 ಆಂಪಿಯರ್, ಹೆಡ್‌ಲೈಟ್ 8, ರೇಡಿಯೇಟರ್ ಫ್ಯಾನ್ 20, ಎಸಿ 15, 120 ವ್ಯಾಟಿನ ಲೈಟ್ ಬಾರ್ 9, ಫ್ರಿಜ್ 5: ಒಟ್ಟು 72. ಕಾಲು ಭಾಗ ಹೆಚ್ಚು ಹಿಡಿದರೆ ಐಡ್ಲಿಂಗ್‌ನಲ್ಲೇ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) 90 ಬೇಕು.

ವಿಂಚನ್ನು, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟಾರನ್ನು, ಈ ಲೆಕ್ಕಕ್ಕೆ ಸೇರಿಸಬೇಡಿ. ಪೂರ್ತಿ ಭಾರ ಬಿದ್ದಾಗ ಅದು 400 ಆಂಪಿಯರ್ ಎಳೆಯಬಲ್ಲದು. ಅದನ್ನು ಕೊಡುವುದು ಬ್ಯಾಟರಿ. ಒಂದು ನಿಮಿಷ ಸರಾಸರಿ 250 ಎಳೆದರೆ ಬ್ಯಾಟರಿಯಲ್ಲಿ ಸುಮಾರು 4 ಆಂಪಿಯರ್-ಅವರ್ (4 ಆಂಪಿಯರ್ ಒಂದು ಗಂಟೆ ಹರಿದಷ್ಟು) ಖಾಲಿ. 50 ಆಂಪಿಯರ್ ಮಿಗುವ ಆಲ್ಟರ್ನೇಟರ್ ಅದನ್ನು ಐದಾರು ನಿಮಿಷದಲ್ಲಿ ತುಂಬಿಸುತ್ತದೆ. ಹಾಗಾಗಿ ಎಳೆತಗಳ ನಡುವೆ ಬಿಡುವು ಕೊಡಿ.

ಹೆಚ್ಚಿನವರು ಎಡವುವುದು ಬೆಲ್ಟ್ ಮತ್ತು ಕೇಬಲ್ಲಿನಲ್ಲಿ. 150 ಆಂಪಿಯರ್ ಹೊರಡಿಸಲು ಎಂಜಿನ್ ಸುಮಾರು 5 ಅಶ್ವಶಕ್ತಿ ಕೊಡಬೇಕು. ಒಂದೇ ವಿ-ಬೆಲ್ಟ್ ಇದ್ದರೆ ಅದು ಜಾರಿ, ಕಿರುಗುಟ್ಟಿ, ಸವೆಯುತ್ತದೆ. ಆರು ಗೀರಿನ ಅಗಲ ಬೆಲ್ಟ್ ಇಲ್ಲವೇ ಜೋಡಿ ಬೆಲ್ಟ್ ಬೇಕು. ಹಳೆಯ ಚಾರ್ಜಿಂಗ್ ವೈರ್ ಉಳಿಸಿಕೊಂಡರೆ ಅದು ಸುಡುವಷ್ಟು ಬಿಸಿಯಾಗುತ್ತದೆ. ಎರಡು ಮೀಟರಿಗೆ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿ, ಬ್ಯಾಟರಿಯ ಪಕ್ಕದಲ್ಲೇ 200 ಆಂಪಿಯರ್ ಫ್ಯೂಸ್ ಕೂರಿಸಿ. ಎಂಜಿನ್ನಿಂದ ಬ್ಯಾಟರಿ ನೆಗೆಟಿವ್‌ಗೂ ಅಷ್ಟೇ ದಪ್ಪದ ಅರ್ತ್ ಎಳೆಯಿರಿ.

ಕೊಳ್ಳುವ ಮುನ್ನ ಮೌಂಟಿಂಗ್ ಕಿವಿಗಳು (ಬೋಲ್ಟ್ ಕೂರುವ ತೂತುಗಳು), ಪುಲ್ಲಿಯ ಸಾಲು, ಪ್ಲಗ್ ತಾಳೆ ನೋಡಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ, ಅದಿಲ್ಲದ್ದನ್ನು ಹಾಕಿದರೆ ಬ್ರೇಕ್ ಕಲ್ಲಿನಂತೆ ಗಟ್ಟಿ! ಲಿಥಿಯಂ ಬ್ಯಾಟರಿಗೆ ನೇರ ಜೋಡಿಸಬೇಡಿ, ಮಧ್ಯೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲಿ; ಇಲ್ಲದಿದ್ದರೆ ಅದು ಸಿಕ್ಕಷ್ಟೂ ಕರೆಂಟು ಎಳೆದು ಆಲ್ಟರ್ನೇಟರನ್ನು ಸುಡಬಹುದು.

ಕೂರಿಸಿದ ಮೇಲೆ 20 ನಿಮಿಷ ಓಡಿಸಿ ಬಿಸಿ ಮಾಡಿ, ಎಲ್ಲ ಲೋಡ್ ಹಾಕಿ, ಐಡ್ಲಿಂಗ್‌ನಲ್ಲಿ ಬ್ಯಾಟರಿಯ ಎರಡೂ ತುದಿಗಳಿಗೆ ವೋಲ್ಟ್ ಮೀಟರ್ ತಾಗಿಸಿ. 13.5 ವೋಲ್ಟ್‌ಗಿಂತ ಕೆಳಗಿದ್ದರೆ ಮೀಟರಿನ ಒಂದು ತುದಿ ಆಲ್ಟರ್ನೇಟರಿನಲ್ಲಿ ಚಾರ್ಜಿಂಗ್ ಕೇಬಲ್ ಕೂರುವ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪಾಸಿಟಿವ್‌ಗೆ ತಾಗಿಸಿ. 0.3 ವೋಲ್ಟ್ ದಾಟಿದರೆ ತಪ್ಪು ಕೇಬಲ್ಲಿನದು, ಆಲ್ಟರ್ನೇಟರಿನದಲ್ಲ.