ಸೋಲಾರ್ ಹಾಕಿಸುವ ಮೊದಲು: ಬಿಸಿನೀರಿನ ಲೆಕ್ಕ ಬೇರೆ, ಕರೆಂಟಿನ ಲೆಕ್ಕ ಬೇರೆ

ಪ್ಯಾನೆಲ್ ಹಾಕಿಸಿ ಅದರ ಕರೆಂಟಿನಿಂದಲೇ ಗೀಸರ್ ಓಡಿಸಬಹುದಲ್ಲ ಅಂತ ಹಲವರು ಕೇಳ್ತೀರಿ. ಓಡಿಸಬಹುದು, ಆದರೆ ಚಾವಣಿಯ ಜಾಗ ದಂಡ. ಸಿಲಿಕಾನ್ ಪ್ಯಾನೆಲ್ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 20ರಷ್ಟೇ ವಿದ್ಯುತ್ತಾಗುತ್ತದೆ. ಸೋಲಾರ್ ವಾಟರ್ ಹೀಟರ್ ಹೆಚ್ಚುಕಡಿಮೆ ಅರ್ಧದಷ್ಟನ್ನು ನೇರವಾಗಿ ನೀರಿಗೇ ಶಾಖವಾಗಿ ಕೊಡುತ್ತದೆ. ಹಾಗಾಗಿ ಸ್ನಾನಕ್ಕೆ ಹೀಟರ್, ಫ್ಯಾನು-ಫ್ರಿಜ್ಜಿಗೆ ಪ್ಯಾನೆಲ್.

ಬೋರ್‌ವೆಲ್ಲಿನ ಗಡಸು ನೀರಾದರೆ ತಾಮ್ರದ ಸಣ್ಣ ಕೊಳವೆಗಳಿರುವ ಫ್ಲಾಟ್ ಪ್ಲೇಟ್ (ಚಪ್ಪಟೆ ಪೆಟ್ಟಿಗೆಯಂಥ) ಹೀಟರ್ ಬೇಗ ಸುಣ್ಣ ಕಟ್ಟುತ್ತದೆ. ಗಾಜಿನ ವ್ಯಾಕ್ಯೂಮ್ ಟ್ಯೂಬಿನದು ವಾಸಿ.

ಪ್ಯಾನೆಲ್ಲಿಗೆ ದೊಡ್ಡ ಶತ್ರು ನೆರಳು. ಒಳಗಿನ ಸೆಲ್‌ಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದು ಮೂಲೆಗೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಳುವರಿ ಆ ಮೂಲೆಯ ಪಾಲಿಗಿಂತ ಜಾಸ್ತಿಯೇ ಕುಸಿಯುತ್ತದೆ. ಮುಖ ದಕ್ಷಿಣಕ್ಕಿರಲಿ, ಓರೆ ಊರಿನ ಅಕ್ಷಾಂಶದಷ್ಟು, ಅಂದರೆ ಬೆಂಗಳೂರಿಗೆ 13 ಡಿಗ್ರಿ, ಬೀದರಿಗೆ 18 ಡಿಗ್ರಿ ಆಸುಪಾಸು. ಅಡಿಯಲ್ಲಿ ಗಾಳಿಯಾಡಲಿ. ಬೆಳಕು ಬೇಕು, ಕಾವು ಬೇಡ: ಸೆಲ್ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ. 0.3–0.4ರಷ್ಟು ಉತ್ಪಾದನೆ ಇಳಿಯುತ್ತದೆ. ಧೂಳು ತೊಳೆಯುವುದು ಬೆಳಗ್ಗೆಯೇ. ಕಾದ ಗಾಜಿಗೆ ತಣ್ಣೀರು ಬೇಡ.

ಮಾರುವವರು ಸಾಮಾನ್ಯವಾಗಿ ಬಾಯಿಬಿಡದ ವಿಷಯ ಇನ್ನೊಂದಿದೆ. ಬ್ಯಾಟರಿಯಿಲ್ಲದ ಆನ್-ಗ್ರಿಡ್, ಅಂದರೆ ಊರಿನ ಕರೆಂಟ್ ಲೈನಿಗೆ ಜೋಡಿಸಿದ, ವ್ಯವಸ್ಥೆ ಕರೆಂಟ್ ಹೋದಾಗ, ಸುಡುಬಿಸಿಲಿದ್ದರೂ, ತಾನೂ ನಿಲ್ಲುತ್ತದೆ. ಲೈನ್‌ಮನ್‌ಗೆ ನಿಮ್ಮ ಪ್ಯಾನೆಲ್ಲಿನ ಕರೆಂಟು ಲೈನಿಗೆ ಹರಿದು ಶಾಕ್ ಹೊಡೆಯದಿರಲಿ ಎಂದೇ ಈ ಏರ್ಪಾಡು. ಪವರ್ ಕಟ್ ಜಾಸ್ತಿಯಿರುವ ಊರಿನವರು ಹೈಬ್ರಿಡ್ ಇನ್ವರ್ಟರ್ (ಲೈನು, ಬ್ಯಾಟರಿ ಎರಡಕ್ಕೂ ಹೊಂದುವಂಥದ್ದು) ಮತ್ತು ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಕೊಟೇಶನ್ ಕೇಳಿ.