ಲಿಂಕನ್‌ಗೆ ಬರುವ ಕನ್ನಡಿಗರಿಗೆ: ಕೋಚ್ ವಿಷಯದಲ್ಲಿ ಬಾಯಿ ಬಿಡುವ ಮುಂಚೆ

ನೆಬ್ರಾಸ್ಕಾದ ಲಿಂಕನ್‌ಗೆ ಓದಲಿಕ್ಕೋ ಕೆಲಸಕ್ಕೋ ಬರುವವರು ನನ್ನನ್ನು ಕೇಳುವ ಪ್ರಶ್ನೆಗಳು ಒಂದೇ ತೆರ. ಸೋನಾ ಮಸೂರಿ ಸಿಗುತ್ತಾ, ದೇವಸ್ಥಾನ ಎಷ್ಟು ದೂರ, ಚಳಿಗೆ ಏನು ತರಬೇಕು. ಅಕ್ಕಿ ಸಿಗುತ್ತೆ. ದೇವಸ್ಥಾನ ಒಮಾಹಾದಲ್ಲಿದೆ, ಕಾರಿನಲ್ಲಿ ಒಂದು ಗಂಟೆ. ಜಾಕೆಟ್ ಇಲ್ಲೇ ಕೊಳ್ಳಿ, ಬೆಂಗಳೂರಿನ ಸ್ವೆಟರ್ ಇಲ್ಲಿ ಬನಿಯನ್ ಲೆಕ್ಕ. ಸೋಷಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಎಲ್ಲ ಮೊದಲ ತಿಂಗಳಲ್ಲೇ ಮುಗಿಸಿಕೊಳ್ಳಿ. ಇದನ್ನೆಲ್ಲ ಆಫೀಸಿನವರೇ ಹೇಳಿಕೊಡುತ್ತಾರೆ.

ಅವರು ಹೇಳಿಕೊಡದ, ನಾನು ಪೆಟ್ಟು ತಿಂದು ಕಲಿತ ವಿಷಯ ಒಂದಿದೆ. ಯೂನಿವರ್ಸಿಟಿ ಫುಟ್‌ಬಾಲ್ ತಂಡಕ್ಕೆ ಹೆಡ್ ಕೋಚ್ ಯಾರಾಗಬೇಕು ಅನ್ನೋದರ ಬಗ್ಗೆ ಯಾರ ಮುಂದೆ, ಯಾವಾಗ, ಎಷ್ಟು ಮಾತಾಡಬೇಕು ಅನ್ನೋದು. ನಗಬೇಡಿ. ನಾನೂ ನಕ್ಕಿದ್ದೆ.

2011ರಲ್ಲಿ, ಒಂದು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು ಬಂದಾಗ ನನ್ನ ದೊಡ್ಡ ಜೋಕು, "ಕೈಯಲ್ಲಿ ಹಿಡಕೊಂಡು ಓಡೋ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು?" ಅಂತ. ಪ್ರತಿಯೊಬ್ಬ ಭಾರತೀಯನೂ ಈ ಜೋಕನ್ನು ತನ್ನದೇ ಅಂದುಕೊಂಡು ಹೇಳುತ್ತಾನೆ. ದಯವಿಟ್ಟು ಹೇಳಬೇಡಿ, ಅವರು ಅದನ್ನು ಸಾವಿರ ಸಲ ಕೇಳಿಯಾಗಿದೆ. ಬದಲಿಗೆ ಇಷ್ಟು ತಿಳಿದುಕೊಳ್ಳಿ. ಈ ರಾಜ್ಯದಲ್ಲಿ ದೊಡ್ಡ ವೃತ್ತಿಪರ ತಂಡ ಯಾವ ಆಟದ್ದೂ ಇಲ್ಲ. ಇರೋದು ಯೂನಿವರ್ಸಿಟಿಯ ತಂಡ ಹಸ್ಕರ್ಸ್ ಒಂದೇ. 1962ರಿಂದ ಇಲ್ಲಿನ ಮೆಮೋರಿಯಲ್ ಸ್ಟೇಡಿಯಂನ ಟಿಕೆಟ್ ಪ್ರತಿ ಪಂದ್ಯಕ್ಕೂ ಖಾಲಿ. ಶನಿವಾರ 85 ಸಾವಿರ ಜನ ಒಳಗೆ ಕೂತರೆ ಆ ಸ್ಟೇಡಿಯಂ ಒಮಾಹಾ, ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು.

ಇದು ಗೊತ್ತಿಲ್ಲದೆ ಎರಡನೇ ವರ್ಷ ರಾಜ್ಯೋತ್ಸವಕ್ಕೆ ನವೆಂಬರಿನ ಒಂದು ಶನಿವಾರ ಡೌನ್‌ಟೌನ್ ಹತ್ತಿರದ ಹಾಲ್ ಹಿಡಿದೆ. ಕೇಳಿದ ತಕ್ಷಣ ಸಿಕ್ಕಿತು, ಅದೂ ಕಡಿಮೆ ಬಾಡಿಗೆಗೆ. ನನ್ನ ಚಾಣಾಕ್ಷತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಒಮಾಹಾದಿಂದ ಹೊರಟವರು ಹೈವೇಯಲ್ಲಿ ಕೆಂಪು ಬಾವುಟದ ಕಾರುಗಳ ನಡುವೆ ಸಿಕ್ಕಿಕೊಂಡರು, ಊರೊಳಗೆ ಬಂದವರು ಪಾರ್ಕಿಂಗ್ ಸಿಗದೆ ಸುತ್ತು ಹೊಡೆದು ವಾಪಸ್ ಹೋದರು. ನೂರಿಪ್ಪತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿಸಿದ್ದೆವು. ಬಂದವರು ಇಪ್ಪತ್ಮೂರು. ವಾರವಿಡೀ ಅದನ್ನೇ ತಿಂದು ಹೆಂಡತಿ ಇವತ್ತಿಗೂ ನವೆಂಬರ್ ಬಂದರೆ ಬಿಸಿಬೇಳೆಬಾತ್ ಮಾಡೋದಿಲ್ಲ.

ಅವತ್ತೇ ಇನ್ನೊಂದಾಯಿತು. ಪಾತ್ರೆ ಇಳಿಸಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಯಜಮಾನರು ತಮ್ಮ ಗ್ಯಾರೇಜಿನಿಂದ ನನ್ನನ್ನೇ ನೋಡುತ್ತಿದ್ದರು. ಹೊಲ ಮಾರಿ ಊರಿಗೆ ಬಂದು ನೆಲೆಸಿದ ರೈತ, ಆಗಲೇ ಎಪ್ಪತ್ತು ದಾಟಿತ್ತು. ನನ್ನ ಹೆಗಲ ಮೇಲೆ ಹಳದಿ-ಕೆಂಪು ಶಾಲು. "ಅಯೋವಾ ಸ್ಟೇಟ್ ಕಡೆಯೋನಾ ನೀನು?" ಅಂದರು, ಮುಖ ಗಂಟಿಕ್ಕಿಕೊಂಡು. ನಮ್ಮ ನಾಡಧ್ವಜದ ಬಣ್ಣವೇ ಪಕ್ಕದ ರಾಜ್ಯದ ಆ ಯೂನಿವರ್ಸಿಟಿಯ ಬಣ್ಣ, ಅವರದು ಕೊಂಚ ಗಾಢ ಕೆಂಪು ಅಷ್ಟೇ. ನೆಬ್ರಾಸ್ಕಾ 2011ರಲ್ಲಿ ಬಿಗ್ ಟೆನ್ ಅನ್ನೋ ಯೂನಿವರ್ಸಿಟಿ ತಂಡಗಳ ಒಕ್ಕೂಟಕ್ಕೆ ಹೋಗುವವರೆಗೂ ಇಬ್ಬರೂ ವರ್ಷ ವರ್ಷ ಎದುರಾಳಿಗಳು. ಇದು ನಮ್ಮ ಭಾಷೆಯ ಬಾವುಟ, ಅರಿಶಿನ-ಕುಂಕುಮದ ಬಣ್ಣ ಅಂತ ಹತ್ತು ನಿಮಿಷ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಒಳ್ಳೇದು, ಆದ್ರೆ ಶನಿವಾರ ಹಾಕ್ಕೋಬೇಡ" ಅಂದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಇನ್ನು ಕೋಚ್ ವಿಷಯ. ಇಲ್ಲಿಯ ಕೋಚ್ ಅಂದರೆ ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರಲ್ಲ. ಸರ್ಕಾರಿ ಸಂಬಳ ತೆಗೆದುಕೊಳ್ಳುವವರಲ್ಲಿ ರಾಜ್ಯಕ್ಕೇ ಮೊದಲಿಗ, ಗವರ್ನರ್ ಹತ್ತಿರಕ್ಕೂ ಬರೋದಿಲ್ಲ. ಟಾಮ್ ಆಸ್ಬರ್ನ್ 1973ರಿಂದ 1997ರವರೆಗೆ ಕೋಚ್ ಆಗಿದ್ದವರು, ಕೊನೆಯ ನಾಲ್ಕು ವರ್ಷದಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ ತಂದರು, ಆಮೇಲೆ ಜನ ಅವರನ್ನು ಸಂಸತ್ತಿಗೂ ಕಳಿಸಿದರು. ಅವರ ನಂತರ ಬಂದ ಫ್ರ್ಯಾಂಕ್ ಸೋಲಿಚ್ 2003ರಲ್ಲಿ ಒಂಬತ್ತು ಪಂದ್ಯ ಗೆದ್ದಿದ್ದರೂ ಮನೆಗೆ ಕಳಿಸಿದರು. ಬೋ ಪೆಲಿನಿ ಏಳು ವರ್ಷ, ಯಾವ ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆದ್ದಿಲ್ಲ. ಅವರನ್ನೂ ಕಳಿಸಿದರು. ಈಗ ಇಲ್ಲಿನವರಿಗೆ ಒಂಬತ್ತು ಗೆಲುವು ಅಂದರೆ ಕನಸು. "ಸೋಲಿಚ್‌ನ ಕಳಿಸಬಾರದಿತ್ತು" ಅಂತ ಗ್ಯಾರೇಜಿನಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಸುಮ್ಮನೆ ತಲೆ ಆಡಿಸಿ. ಅದು ಚರ್ಚೆಗೆ ಬಿಟ್ಟ ಮಾತಲ್ಲ.

ನಾನು ಬಾಯಿ ಸುಟ್ಟುಕೊಂಡದ್ದು 2021ರಲ್ಲಿ. ಆಗ ಕೋಚ್ ಸ್ಕಾಟ್ ಫ್ರಾಸ್ಟ್. ಇದೇ ರಾಜ್ಯದ ವುಡ್ ರಿವರ್ ಅನ್ನೋ ಸಣ್ಣ ಊರಿನವರು, 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವ ಆಟಗಾರ. 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ತಂಡಕ್ಕೆ ಹದಿಮೂರಕ್ಕೆ ಹದಿಮೂರೂ ಗೆದ್ದುಕೊಟ್ಟು ತವರಿಗೆ ಬಂದಿದ್ದರು. 2021ರಲ್ಲಿ ಮೂರು ಗೆಲುವು, ಒಂಬತ್ತು ಸೋಲು, ಒಂಬತ್ತೂ ಹತ್ತಕ್ಕಿಂತ ಕಡಿಮೆ ಅಂಕಗಳ ಅಂತರದಲ್ಲಿ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದ್ದ ಯಜಮಾನರ ಮೇಜಿನಲ್ಲಿ ಕೂತು ನಾನು, "ಈ ಮನುಷ್ಯನ್ನ ಯಾವತ್ತೋ ಕಳಿಸಬೇಕಿತ್ತು" ಅಂದೆ. ಆಲೂಗಡ್ಡೆ ಬಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಯಾರೂ ಏನೂ ಅನ್ನಲಿಲ್ಲ. ವಿಚಿತ್ರ ಅಂದರೆ, ಹತ್ತು ನಿಮಿಷದ ಹಿಂದೆ ಅವರೆಲ್ಲ ಅದನ್ನೇ ಹೇಳುತ್ತಿದ್ದರು. ಮನೆಗೆ ಬಂದ ಮೇಲೆ ಹೆಂಡತಿ, "ರೀ, ಅವರ ಮಗನ್ನ ಅವರು ಬೈಕೋತಾರೆ. ಊಟಕ್ಕೆ ಹೋದೋರು ನೀವು ಬೈತೀರಾ?" ಅಂದಳು. ಹತ್ತು ವರ್ಷವಾದ ಮೇಲೂ ನಾನು ಊಟಕ್ಕೆ ಹೋದವನೇ ಅನ್ನೋದು ಅವತ್ತು ತಿಳಿಯಿತು. ಹೊಸಬರಿಗೆ ಹೇಳೋದಿಷ್ಟೆ: ಮೊದಲ ಐದು ವರ್ಷ ಬರಬಹುದಾದ ಕೋಚ್‌ಗಳನ್ನು ಎಷ್ಟು ಬೇಕಾದರೂ ಹೊಗಳಿ, ಇರುವ ಕೋಚನ್ನು ಬೈಯಬೇಡಿ.

2022ರ ಸೆಪ್ಟೆಂಬರ್ 10ರ ರಾತ್ರಿ ಜಾರ್ಜಿಯಾ ಸದರ್ನ್ ಅನ್ನೋ ಸಣ್ಣ ತಂಡ ಇಲ್ಲಿಗೇ ಬಂದು 45-42ರಲ್ಲಿ ಗೆದ್ದುಹೋಯಿತು. ಕೊನೆಯ ನಿಮಿಷದ ಗೆಲುವು. ಹನ್ನೆರಡು ವರ್ಷದ ಮಗ ಸೋಫಾದಲ್ಲಿ ದಿಂಬಿಗೆ ಮುಖ ಒತ್ತಿ ಬಿಕ್ಕಳಿಸುತ್ತಿದ್ದ. "ಅವರು ಸೋತರೆ ನೀನ್ಯಾಕೋ ಅಳ್ತೀಯ?" ಅಂದೆ. ತಲೆ ಎತ್ತಿ, "ಅವರಲ್ಲ ಅಪ್ಪ, ನಾವು ಸೋತ್ವಿ" ಅಂದ. ಕನ್ನಡದಲ್ಲೇ ಅಂದ, ಅದೊಂದು ಸಮಾಧಾನ.

ಮರುದಿನ ಫ್ರಾಸ್ಟ್ ವಜಾ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕರಾರಿನ ಪ್ರಕಾರ ಅವರಿಗೆ ಕೊಡಬೇಕಾದದ್ದು 75 ಲಕ್ಷ ಡಾಲರ್. ಕಾಯದೆ ಒಂದೂವರೆ ಕೋಟಿ ಡಾಲರ್ ಕೊಟ್ಟರು. ಮೂರು ವಾರ! ಸೊಪ್ಪಿನವಳ ಹತ್ತಿರ ಕೊತ್ತಂಬರಿ ಕೊಸರು ಕೇಳಿ ಬೆಳೆದ ಜೀವಕ್ಕೆ ತಡೆಯಲಿಲ್ಲ. ಸೋಮವಾರ ಆಫೀಸಿನಲ್ಲಿ ಜನರ ತೆರಿಗೆ ದುಡ್ಡು, ಮೇಷ್ಟ್ರುಗಳ ಸಂಬಳ ಅಂತ ಭಾಷಣ ಬಿಗಿದೆ. ಆಟದ ವಿಭಾಗ ನಡೆಯೋದು ಟಿಕೆಟ್, ಟಿವಿ, ದಾನಿಗಳ ಹಣದಲ್ಲಿ ಅಂತ ಒಬ್ಬಾಕೆ ತಣ್ಣಗೆ ತಿದ್ದಿದಳು. ಅವಳಪ್ಪನ ಹೆಸರು ಆ ದಾನಿಗಳ ಪಟ್ಟಿಯಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು.

ಆದರೆ ಆ ಶರತ್ಕಾಲ ನನಗೆ ಒಂದು ಬಾಗಿಲು ತೆರೆಯಿತು. ಕುರ್ಚಿ ಖಾಲಿ, ಊರಿಗೆ ಊರೇ ಪಟ್ಟಿ ಮಾಡುತ್ತಿತ್ತು. ಕಟಿಂಗ್ ಶಾಪಿನಲ್ಲಿ, ಗ್ಯಾಸ್ ಸ್ಟೇಷನ್‌ನಲ್ಲಿ, ಮಗನ ಡೆಂಟಿಸ್ಟ್ ಹತ್ತಿರವೂ. ಹಾಸನದಲ್ಲಿ ಚುನಾವಣೆ ಮುಗಿದ ಮೇಲೆ ಮುಖ್ಯಮಂತ್ರಿ ಯಾರು, ಯಾರಿಗೆ ಯಾವ ಖಾತೆ ಅಂತ ಹೋಟೆಲಿನಲ್ಲಿ ಬೈಟು ಕಾಫಿ ಹಿಡಿದು ತೀರ್ಮಾನ ಮಾಡುತ್ತಿದ್ದೆವಲ್ಲ, ಅದೇ ಸುಖ. ನಾನೂ ಒಂದು ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ ಬರೆದೆ.

ಮೊದಲ ಹೆಸರು ಲ್ಯಾನ್ಸ್ ಲೈಪೋಲ್ಡ್. ವೈಟ್‌ವಾಟರ್ ಅನ್ನೋ ಚಿಕ್ಕ ಕಾಲೇಜಿನಲ್ಲಿ ಎಂಟು ವರ್ಷಕ್ಕೆ 109 ಗೆಲುವು, ಆರೇ ಸೋಲು, ಆರು ಪ್ರಶಸ್ತಿ. ಎಲ್ಲರೂ ಕೈಬಿಟ್ಟಿದ್ದ ಕ್ಯಾನ್ಸಸ್ ತಂಡವನ್ನು ಆ ವರ್ಷ ಮೊದಲ ಐದೂ ಪಂದ್ಯ ಗೆಲ್ಲುವಂತೆ ಮಾಡಿದ್ದರು. ಹಿಂದೆ ಒಮಾಹಾದಲ್ಲೂ ಲಿಂಕನ್‌ನಲ್ಲೂ ಕೆಲಸ ಮಾಡಿದವರು, ಇಲ್ಲಿಯ ಗಾಳಿ-ಹಿಮ ಕಂಡವರು. ನನಗೆ ಇದಕ್ಕಿಂತ ಒಳ್ಳೆಯ ಮಾರ್ಕ್ಸ್ ಕಾರ್ಡ್ ಕಾಣಲಿಲ್ಲ. ಎರಡನೆಯದು ಮ್ಯಾಟ್ ಕ್ಯಾಂಬೆಲ್, 2016ರಿಂದ ಅಯೋವಾ ಸ್ಟೇಟ್‌ನಲ್ಲಿದ್ದವರು, ಕಡಿಮೆ ಸಾಮಾನಿನಲ್ಲಿ ರುಚಿಯಾದ ಅಡುಗೆ ಮಾಡುವ ಜಾತಿ. (ಶಾಲಿನ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ.) ಮೂರನೆಯದು ಹಂಗಾಮಿಯಾಗಿ ತಂಡ ನಡೆಸುತ್ತಿದ್ದ ಮಿಕ್ಕಿ ಜೋಸೆಫ್, ಹಿಂದೆ ಇದೇ ತಂಡಕ್ಕೆ ಆಡಿದವರು. ಆಫೀಸಿನ ಅರ್ಧ ಜನ ಅರ್ಬನ್ ಮೇಯರ್ ಅನ್ನುತ್ತಿದ್ದರು. ಎರಡು ಯೂನಿವರ್ಸಿಟಿಗೆ ಮೂರು ರಾಷ್ಟ್ರೀಯ ಪ್ರಶಸ್ತಿ ತಂದ ಮನುಷ್ಯ ನಿಜ, ಆದರೆ ಹಿಂದಿನ ವರ್ಷ ಜ್ಯಾಕ್ಸನ್‌ವಿಲ್‌ನ ವೃತ್ತಿಪರ ತಂಡ ಅವರನ್ನು ಒಂದು ಸೀಸನ್ ಕೂಡ ಪೂರ್ತಿ ಇಟ್ಟುಕೊಂಡಿರಲಿಲ್ಲ. ಬರೆಯಲಿಲ್ಲ. ಕಟ್ಟಕಡೆಗೆ ಮ್ಯಾಟ್ ರೂಲ್, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕ್ಯಾರೊಲೈನಾದ ವೃತ್ತಿಪರ ತಂಡದಲ್ಲಿ 11 ಗೆದ್ದು 27 ಸೋತು ಅಕ್ಟೋಬರಿನಲ್ಲಷ್ಟೇ ಕೆಲಸ ಕಳಕೊಂಡಿದ್ದರು. ಫೇಲಾದವರನ್ನು ಯಾರಾದರೂ ಕರೆದು ಕೆಲಸ ಕೊಡುತ್ತಾರಾ?

ಯಜಮಾನರು ಕನ್ನಡಕ ಏರಿಸಿಕೊಂಡು ಲಕೋಟೆ ಓದಿದರು. ರೂಲ್ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಟೆಂಪಲ್ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಎಷ್ಟು ಗೆದ್ದ?" ಎರಡು. "ಮೂರನೇ ವರ್ಷ?" ಹತ್ತು. "ಬೇಲರ್‌ನಲ್ಲಿ?" ಮೊದಲು ಒಂದು, ಮೂರನೇ ವರ್ಷ ಹನ್ನೊಂದು. "ನೀನು ಇಳುವರಿ ನೋಡ್ತೀಯ. ನಾನು ಎಂಥಾ ಹೊಲ ಕೊಟ್ಟಿದ್ರು ಅಂತ ನೋಡ್ತೀನಿ" ಅಂದರು. ನಾವು ಮಾರ್ಕ್ಸ್ ನೋಡಿ ಬೆಳೆದವರು, ಸಿಇಟಿ ರ‍್ಯಾಂಕ್ ಇಲ್ಲದೆ ಮನುಷ್ಯನನ್ನು ಅಳೆಯಲು ಬರೋದಿಲ್ಲ. ಮಗನನ್ನೂ ಹಾಗೇ ಅಳೆಯುತ್ತಿದ್ದೆ ಅನ್ನೋದು ಆ ಗ್ಯಾರೇಜಿನಲ್ಲಿ ನಿಂತಾಗ ಹೊಳೆಯಿತು.

ಇನ್ನೊಂದನ್ನೂ ಅವರೇ ಹೇಳಿಕೊಟ್ಟದ್ದು. ಡಿಸೆಂಬರಿನಲ್ಲಿ ಹೈಸ್ಕೂಲ್ ಹುಡುಗರು ಯಾವ ಕಾಲೇಜು ಅಂತ ಸಹಿ ಹಾಕುತ್ತಾರೆ, ಆದ್ದರಿಂದ ಕೋಚ್ ನವೆಂಬರ್ ಮುಗಿಯುವುದರೊಳಗೆ ಬರಬೇಕು. ಬಂದವರು ಹುಡುಗರ ಮನೆ ಮನೆಗೆ ಹೋಗಿ ಸೋಫಾದಲ್ಲಿ ಕೂತು, ತಾಯಿ ಕೊಟ್ಟದ್ದನ್ನು ತಿಂದು, "ನಿಮ್ಮ ಮಗ ನಮ್ಮ ಮನೆ ಮಗ ಇದ್ದ ಹಾಗೆ" ಅನ್ನಬೇಕು. ಥೇಟ್ ಹೆಣ್ಣು ನೋಡುವ ಶಾಸ್ತ್ರ, ಕೇಸರಿಬಾತ್ ಒಂದಿಲ್ಲ. ಆಟ ಗೊತ್ತಿದ್ದರೆ ಸಾಲದು, ತಾಯಂದಿರ ಹತ್ತಿರ ಮಾತಾಡಲು ಬರಬೇಕು. ನನ್ನ ಲಕೋಟೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನವೆಂಬರ್ 25ಕ್ಕೆ ಜೋಸೆಫ್ ನಡೆಸಿದ ತಂಡ ಏಳು ವರ್ಷ ಸತತ ನಮ್ಮನ್ನು ಸೋಲಿಸಿದ್ದ ಅಯೋವಾ ಯೂನಿವರ್ಸಿಟಿಯನ್ನು ಅವರ ಊರಲ್ಲೇ ಹೊಡೆಯಿತು. ಆ ರಾತ್ರಿ ಜೋಸೆಫ್ ಹೆಸರನ್ನು ಒಂದನೇ ಸ್ಥಾನಕ್ಕೆ ಏರಿಸಿದೆ. ಮರುದಿನ ಬೆಳಗ್ಗೆ ರೂಲ್ ಅಂತ ಘೋಷಣೆ ಆಯಿತು, ಎಂಟು ವರ್ಷಕ್ಕೆ 7.4 ಕೋಟಿ ಡಾಲರ್. ಯಜಮಾನರು ಗ್ಯಾರೇಜಿನಿಂದ ಕೈ ಬೀಸಿದರು, ಅಷ್ಟೇ. ಅವರ ಲೆಕ್ಕವೂ ಪೂರಾ ಸರಿ ಹೋಗಲಿಲ್ಲ ಅನ್ನಿ. ಮೊದಲ ವರ್ಷ ಐದು, ಎರಡನೇ ವರ್ಷ ಏಳು ಗೆಲುವು. 2016ರ ನಂತರ ಮೊದಲ ಸಲ, ಸೀಸನ್ ಮುಗಿದ ಮೇಲೆ ಸಾಕಷ್ಟು ಗೆದ್ದ ತಂಡಗಳಿಗೆ ಸಿಗುವ ಬೌಲ್ ಪಂದ್ಯಕ್ಕೆ ಹೋಗಿ ಗೆದ್ದದ್ದೂ ಉಂಟು. ಮೂರನೇ ವರ್ಷದ ಹತ್ತು ಮಾತ್ರ ಇಲ್ಲಿಗೆ ಬರಲಿಲ್ಲ.

ಈ ಜನರ "ಮುಂದಿನ ವರ್ಷ ನೋಡು" ಅನ್ನೋ ಮಾತು ಮಾತ್ರ ನನಗೆ ಮೊದಲ ದಿನದಿಂದ ಅರ್ಥವಾಗಿತ್ತು. "ಈ ಸಲ ಕಪ್ ನಮ್ದೇ" ಅಂದುಕೊಂಡು ಹದಿನೆಂಟು ವರ್ಷ ಕಳೆದ ಆರ್‌ಸಿಬಿ ಅಭಿಮಾನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. 2025ರ ಜೂನ್ 3, ಇಲ್ಲಿ ಬೆಳಗಿನ ಹೊತ್ತು, ರಜೆ ಹಾಕಿ ಟಿವಿ ಮುಂದೆ ಕೂತಿದ್ದೆ. ಕೊನೆಗೆ ಆರು ರನ್ನಿನಿಂದ ಗೆದ್ದಾಗ ನನ್ನ ಕಣ್ಣಲ್ಲಿ ನೀರು. ಸೀರಿಯಲ್ ಬಟ್ಟಲು ಹಿಡಿದು ಬಂದ ಮಗ ಬೆನ್ನು ತಟ್ಟಿ, "ಕಂಗ್ರಾಟ್ಸ್ ಅಪ್ಪ, ನಿಮ್ಮ ಟೀಮ್ ಗೆಲ್ತು" ಅಂದ. ಮನೇಲಿ ಕನ್ನಡ ಮಾತಾಡಿಸಿ, ಕನ್ನಡ ತರಗತಿಗೆ ಕಳಿಸಿ, ಎಲ್ಲ ಮಾಡಿ. ಆ "ನಿಮ್ಮ" ಎಲ್ಲಿಂದ ಬರುತ್ತೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಅದೇ ಅಕ್ಟೋಬರಿನಲ್ಲಿ ಪೆನ್ ಸ್ಟೇಟ್ ತನ್ನ ಕೋಚನ್ನು ತೆಗೆದುಹಾಕಿತು. ರೂಲ್ ಓದಿ ಆಡಿದ ಯೂನಿವರ್ಸಿಟಿ ಅದು, ಹಾಗಾಗಿ ಅವರು ಹೋಗಿಬಿಡುತ್ತಾರೆ ಅಂತ ಗುಲ್ಲು. ರಾತ್ರಿ ಹತ್ತಕ್ಕೆ ಮಗ ಅಡುಗೆಮನೆಗೆ ಬಂದು, "ಅಪ್ಪ, ಆ ಲಕೋಟೆ ಎಲ್ಲಿ?" ಅಂದ. ಹದಿನೈದರ ಹುಡುಗ ತಾನಾಗಿ ಬಂದು ಎದುರು ಕೂರೋದು ಎಷ್ಟು ಅಪರೂಪ ಅಂತ ಮಕ್ಕಳಿರುವವರಿಗೆ ಗೊತ್ತು. ಚುರುಮುರಿ ಕಲಸಿದೆ. ಇಬ್ಬರೂ ಹೊಸ ಪಟ್ಟಿ ಬರೆದೆವು. ಅವನ ಒಂದನೇ ಹೆಸರಿಗೂ ನನ್ನ ಒಂದನೇ ಹೆಸರಿಗೂ ಜಗಳವಾಗಿ ಹನ್ನೆರಡು ಹೊಡೆಯಿತು. ತಿಂಗಳು ಮುಗಿಯುವ ಮುಂಚೆ ರೂಲ್ ಇಲ್ಲೇ ಉಳಿಯೋದು ಖಾತ್ರಿಯಾಯಿತು. ಪಟ್ಟಿ ಫ್ರಿಜ್ ಮೇಲೆ ಅಂಟಿಸಿದ ಹಾಗೇ ಇದೆ, ಯಾವತ್ತಾದರೂ ಬೇಕಾಗುತ್ತೆ.

ಆ ವರ್ಷ ನವೆಂಬರ್ 1 ಶನಿವಾರವೇ ಬಂತು, ಅದೂ ಸದರ್ನ್ ಕ್ಯಾಲಿಫೋರ್ನಿಯಾ ಜೊತೆ ಇಲ್ಲೇ ಪಂದ್ಯ. ರಾಜ್ಯೋತ್ಸವದ ಕಾರ್ಯಕ್ರಮವನ್ನು ಯಾರೂ ಹೇಳದೆ ಭಾನುವಾರಕ್ಕೆ ಹಾಕಿದೆವು. ಬೆಳಗ್ಗೆ ಮನೆಯಲ್ಲೇ ಭುವನೇಶ್ವರಿಯ ಪಟಕ್ಕೆ ಹೂವಿಟ್ಟು, ಶಾಲು ಹೊದ್ದು ಫೋಟೋ ತೆಗೆಸಿಕೊಂಡೆ. ಸಂಜೆ ಮಗನ ಜೊತೆ ಸ್ಟೇಡಿಯಂಗೆ ಹೊರಡುವಾಗ ಚಳಿ ಅಂತ ಅದನ್ನೇ ಕುತ್ತಿಗೆಗೆ ಸುತ್ತಿಕೊಂಡು ಮೇಲೆ ಕೆಂಪು ಜಾಕೆಟ್ ಹಾಕಿದೆ. ಗೇಟಿನ ಹತ್ತಿರ ಮಗ ಸುತ್ತಮುತ್ತ ನೋಡಿ ನನ್ನ ಕಡೆ ಬಾಗಿದ.

"ಅಪ್ಪ, ಹಳದಿ ಕಾಣಿಸ್ತಿದೆ. ಜಿಪ್ ಹಾಕ್ಕೋ."